ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್ ಎಲ್ಲಿ ಕೂತಿದೆ? ಹುಡುಕುವುದು, ಪಾತ್ ಮತ್ತು ಜಾವಾ_ಹೋಮ್ ಸರಿಮಾಡುವುದು

"ಮಾಮಾ, ಜಾವಾ ಹಾಕಿದೀನಿ. ಆದ್ರೂ ಇಲ್ಲ ಅಂತಿದೆ."

ಅಕ್ಕನ ಮಗಳ ಫೋನು ಬಂದಾಗ ರಾತ್ರಿ ಹತ್ತು ಗಂಟೆ. ಬಿಸಿಎ ಮೊದಲ ವರ್ಷ. ಬೆಳಿಗ್ಗೆ ಲ್ಯಾಬ್‌ನಲ್ಲಿ ಜಾವಾ ಭಾಷೆಯ ಪ್ರೋಗ್ರಾಂ ತೋರಿಸಬೇಕು. ಏನು ಬರ್ತಿದೆ ಅಂತ ಕೇಳಿದೆ. ಜಾವಾ ಅಂತ ಟೈಪ್ ಮಾಡಿದರೆ ಉತ್ತರ ಬರುತ್ತದಂತೆ, ಜಾವಾಸಿ ಅಂತ ಟೈಪ್ ಮಾಡಿದರೆ "ಈಸ್ ನಾಟ್ ರೆಕಗ್ನೈಸ್ಡ್" ಅಂತ ಬೈಯುತ್ತದಂತೆ. ಮೂರು ಸಲ ಡೌನ್‌ಲೋಡ್ ಮಾಡಿ, ಎರಡು ಸಲ ಅಳಿಸಿದ್ದಳು.

ಮೂರನೇ ಸಲ ಡೌನ್‌ಲೋಡ್ ಮಾಡಿದ್ದು ದಂಡ. ಜಾವಾ ಅವಳ ಕಂಪ್ಯೂಟರಿನಲ್ಲಿ ಇತ್ತು. ಒಂದಲ್ಲ, ಎರಡು ಇದ್ದವು. ತೊಂದರೆ ಇದ್ದದ್ದು ಅಲ್ಲೇ. ಈ ಬಗೆಯ ಸಮಸ್ಯೆಗಳಲ್ಲಿ "ಇಲ್ಲ" ಅನ್ನುವುದಕ್ಕಿಂತ "ಬೇರೆಯದು ಸಿಕ್ಕಿತು" ಅನ್ನುವುದೇ ಜಾಸ್ತಿ. ಅದಕ್ಕೇ ಮೊದಲು ಹುಡುಕಬೇಕು, ಆಮೇಲೆ ಬರೆಯಬೇಕು. ನಾವು ಮಾಡುವುದು ಉಲ್ಟಾ: ಯಾವುದೋ ವಿಡಿಯೋ ನೋಡಿ, ಅದರಲ್ಲಿದ್ದ ಫೋಲ್ಡರ್ ಹೆಸರನ್ನು ನಮ್ಮ ಕಂಪ್ಯೂಟರಿಗೆ ತುಂಬುತ್ತೇವೆ.

ಅವಳ ಲ್ಯಾಪ್‌ಟಾಪನ್ನೇ ಉದಾಹರಣೆ ಇಟ್ಟುಕೊಂಡು ಹೋಗೋಣ. ಅದು ವಿಂಡೋಸ್ 11. ವಿಂಡೋಸ್ 10ಕ್ಕೂ ಹೆಚ್ಚು ಕಡಿಮೆ ಇದೇ. ಲಿನಕ್ಸ್ ಮತ್ತು ಮ್ಯಾಕ್ ಬಗ್ಗೆ ಕೊನೆಯಲ್ಲಿ ಚುಟುಕಾಗಿ ಹೇಳುತ್ತೇನೆ.

ಒಂದು ಮಾತು ಮೊದಲೇ. ಕಮಾಂಡುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲಿ, ಓದುವ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು. ಕಾಗುಣಿತ ಗೊಂದಲವಾಗುವ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ. ನುಡಿ ಆನ್ ಇದ್ದರೆ ಆಫ್ ಮಾಡಿಕೊಳ್ಳಿ. ನಗಬೇಡಿ, ಆ ರಾತ್ರಿ ಹತ್ತು ನಿಮಿಷ ಅದರಲ್ಲೇ ಹೋಯಿತು.

ಕಂಪ್ಯೂಟರ್ ಎಲ್ಲಿ ಹುಡುಕುತ್ತದೆ, ಎಲ್ಲಿ ಹುಡುಕುವುದಿಲ್ಲ

ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ವಿಂಡೋಸ್ ಇಡೀ ಡಿಸ್ಕನ್ನು ಜಾಲಾಡುವುದಿಲ್ಲ. ಮೊದಲು ನೀವು ನಿಂತಿರುವ ಫೋಲ್ಡರಿನಲ್ಲಿ ನೋಡುತ್ತದೆ. ಅಲ್ಲಿಲ್ಲದಿದ್ದರೆ ಒಂದು ಪಟ್ಟಿ ತೆಗೆಯುತ್ತದೆ. ಅದರಲ್ಲಿ ಫೋಲ್ಡರುಗಳ ವಿಳಾಸಗಳಿರುತ್ತವೆ, ನಡುವೆ ; ಚಿಹ್ನೆ. ಎಡದಿಂದ ಬಲಕ್ಕೆ ಒಂದೊಂದೇ ಫೋಲ್ಡರ್ ನೋಡುತ್ತದೆ. ಮೊದಲು ಸಿಕ್ಕಿದ್ದನ್ನು ಓಡಿಸಿ ಸುಮ್ಮನಾಗುತ್ತದೆ. ಮುಂದೆ ಅದೇ ಹೆಸರಿನ ಇನ್ನೊಂದು ಇದ್ದರೂ ಅದರ ಗೊಡವೆಗೆ ಹೋಗುವುದಿಲ್ಲ. ಪಟ್ಟಿ ಮುಗಿದರೂ ಸಿಗದಿದ್ದರೆ "ಈಸ್ ನಾಟ್ ರೆಕಗ್ನೈಸ್ಡ್".

ಆ ಪಟ್ಟಿಯ ಹೆಸರು ಪಾತ್. ಅದು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಒಂದು ಹೆಸರು, ಅದಕ್ಕೆ ಅಂಟಿಸಿದ ಒಂದು ಬರಹ. ಎಲ್ಲ ಪ್ರೋಗ್ರಾಮುಗಳೂ ಅದನ್ನು ಓದಬಹುದು. ಇದು ಹಳೆಯ ಏರ್ಪಾಡು: 1979ರ ಯುನಿಕ್ಸ್ 7ನೇ ಆವೃತ್ತಿಯಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ ಬಂತು, 1983ರ ಎಂಎಸ್-ಡಾಸ್ 2.0ರಲ್ಲಿ ಪಿಸಿಗೂ ಬಂತು.

ಇನ್ನೊಂದು ಸಂಗತಿ ಗಮನದಲ್ಲಿರಲಿ, ಮುಂದೆ ಪದೇ ಪದೇ ಬೇಕಾಗುತ್ತದೆ. ಪ್ರತಿ ಪ್ರೋಗ್ರಾಮೂ ಹುಟ್ಟುವಾಗ ಈ ವೇರಿಯಬಲ್‌ಗಳ ಒಂದು ನಕಲು ಪಡೆಯುತ್ತದೆ. ಹುಟ್ಟಿದ ಮೇಲೆ ನೀವು ಮೂಲ ಬದಲಿಸಿದರೆ ಅದರ ಕೈಯಲ್ಲಿರುವ ನಕಲು ಬದಲಾಗುವುದಿಲ್ಲ. "ಎಲ್ಲ ಸರಿಯಾಗಿ ಮಾಡಿದೆ, ಆದ್ರೂ ಆಗ್ತಿಲ್ಲ" ಅನ್ನುವವರಲ್ಲಿ ಎಷ್ಟೋ ಮಂದಿ ಹಳೇ ಕಿಟಕಿಯಲ್ಲೇ ಟೈಪ್ ಮಾಡುತ್ತಿರುತ್ತಾರೆ.

ಮೊದಲು ಪತ್ತೆ ಹಚ್ಚಿ

ವಿಂಡೋಸ್ ಕೀ ಒತ್ತಿ, ಸಿ ಎಂ ಡಿ ಅಂತ ಮೂರಕ್ಷರ ಟೈಪ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅದರಲ್ಲಿ:

ವೇರ್ ಜಾವಾ

ಎಲ್ಲಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ಪದವೇ ಈ ವೇರ್. ಪಾತ್ ಪಟ್ಟಿಯಲ್ಲಿ ಆ ಹೆಸರಿನ ಪ್ರೋಗ್ರಾಂ ಎಲ್ಲೆಲ್ಲಿ ಇದೆಯೋ ಅಷ್ಟನ್ನೂ ಸಾಲಾಗಿ ತೋರಿಸುತ್ತದೆ. ಮೇಲಿನ ಸಾಲು ಯಾವುದೋ ಅದೇ ಓಡುವುದು. ಅವಳಿಗೆ ಒಂದೇ ಸಾಲು ಬಂತು:

ಸಿ:\ಪ್ರೋಗ್ರಾಂ ಫೈಲ್ಸ್\ಕಾಮನ್ ಫೈಲ್ಸ್\ಒರಾಕಲ್\ಜಾವಾ\ಜಾವಾಪಾತ್

ಅದರ ತುದಿಯಲ್ಲಿ ಪ್ರೋಗ್ರಾಮಿನ ಹೆಸರು. "ಇದು ನಾನು ಹಾಕಿದ್ದಲ್ಲ ಮಾಮಾ" ಅಂದಳು. ಹೌದು. ಅವಳ ಅಪ್ಪ, ನಮ್ಮ ಭಾವ, ಹಿಂದೆ ಡಿಜಿಟಲ್ ಸಹಿಯ ಕೆಲಸಕ್ಕೆ ಹಾಕಿಸಿದ್ದ ಜಾವಾ ಅದು. ಆವೃತ್ತಿ ನೋಡಲು:

ಜಾವಾ -ವರ್ಷನ್

ಉತ್ತರದಲ್ಲಿ 1.8.0 ಅಂತ ಶುರುವಾಯಿತು. ಅಂದರೆ ಜಾವಾ 8. 9ನೇ ಆವೃತ್ತಿಯಿಂದ ಮುಂದೆ ಆ ಮೊದಲಿನ 1. ಬಿಟ್ಟು ನೇರವಾಗಿ 11, 17, 21 ಅಂತ ಬರುತ್ತದೆ. ಭಾವ ಹಾಕಿಸಿದ್ದು ಜೆಆರ್‌ಇ, ಅಂದರೆ ಪ್ರೋಗ್ರಾಂ ಓಡಿಸಲು ಬೇಕಾದಷ್ಟೇ ಸಾಮಾನು. ನಾವು ಬರೆದದ್ದನ್ನು ಕಂಪೈಲ್ ಮಾಡಲು, ಅಂದರೆ ಓಡುವ ರೂಪಕ್ಕೆ ತರಲು ಬೇಕಾದ ಜಾವಾಸಿ ಅದರಲ್ಲಿ ಇರುವುದಿಲ್ಲ. ಅದು ಪ್ರೋಗ್ರಾಂ ಬರೆಯುವವರ ಕಿಟ್ ಆದ ಜೆಡಿಕೆಯಲ್ಲಿ ಮಾತ್ರ. ಜಾವಾ ಬರುತ್ತದೆ, ಜಾವಾಸಿ ಬರುವುದಿಲ್ಲ ಅನ್ನುವ ಒಗಟು ಇಲ್ಲಿಗೆ ಬಿಡಿಸಿತು.

ಹಾಗಾದರೆ ಅವಳು ಇಳಿಸಿಕೊಂಡ ಜೆಡಿಕೆ ಎಲ್ಲಿ? ಪಾತ್‌ನಲ್ಲಿ ಇಲ್ಲದ್ದು ಸಾದಾ ವೇರ್‌ಗೆ ಕಾಣುವುದಿಲ್ಲ. ಆಗ ಇಡೀ ಡ್ರೈವ್ ಹುಡುಕಬೇಕು:

ವೇರ್ /ಆರ್ ಸಿ:\ ಜಾವಾಸಿ

ಇಲ್ಲಿ ಆರ್ ಮತ್ತು ಸಿ ಒಂದೊಂದೇ ಅಕ್ಷರ. ಜಾವಾಸಿ ಅಂದರೆ ಜಾವಾ ಪದದ ಕೊನೆಗೆ ಸಿ ಅಕ್ಷರ ಅಂಟಿಸಿದ್ದು. ಇದಕ್ಕೆ ಕೆಲವು ನಿಮಿಷ ಬೇಕು. ಹಳೇ ಹಾರ್ಡ್ ಡಿಸ್ಕ್ ಆದರೆ ಕಾಫಿ ಮಾಡಿಕೊಂಡು ಬನ್ನಿ. ಅವಳದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸಿಕ್ಕಿತು, ಒಂದರೊಳಗೆ ಒಂದು ಫೋಲ್ಡರಿನಲ್ಲಿ. ಅವಳು ಇಳಿಸಿದ್ದು ಇನ್‌ಸ್ಟಾಲರ್ ಅಲ್ಲ, ಜಿಪ್. "ಎಕ್ಸ್‌ಟ್ರಾಕ್ಟ್ ಆಲ್" ಒತ್ತಿದ್ದನ್ನೇ ಇನ್‌ಸ್ಟಾಲ್ ಅಂದುಕೊಂಡಿದ್ದಳು. ಜಿಪ್ ಬಿಚ್ಚಿದರೆ ಫೈಲುಗಳು ಬರುತ್ತವೆ ಅಷ್ಟೇ. ಪಾತ್‌ಗೆ ಸೇರಿಸುವ ಕೆಲಸ ಇನ್‌ಸ್ಟಾಲರ್‌ದು. ಅದೂ ಎಲ್ಲ ಇನ್‌ಸ್ಟಾಲರ್‌ಗಳೂ ಮಾಡುವುದಿಲ್ಲ.

ಕಮಾಂಡ್ ಟೈಪ್ ಮಾಡಲು ಇರುವ ಇನ್ನೊಂದು ಕಿಟಕಿ ಪವರ್‌ಶೆಲ್‌ನಲ್ಲಿ ಇದೇ ವೇರ್ ಹೊಡೆದರೆ ಏನೂ ಬರದೆ ಸುಮ್ನೆ ಮುಂದಿನ ಸಾಲಿಗೆ ಹೋಗಬಹುದು. ಅಲ್ಲಿ ವೇರ್ ಅನ್ನುವುದು ಬೇರೆಯೇ ಒಂದು ಕಮಾಂಡಿನ ಅಡ್ಡಹೆಸರು. ವೇರ್ ಪದಕ್ಕೆ ಚುಕ್ಕೆ, ಇ ಎಕ್ಸ್ ಇ ಸೇರಿಸಿ ಹೊಡೆಯಿರಿ, ಅಥವಾ ಗೆಟ್-ಕಮಾಂಡ್ ಜಾವಾ ಅನ್ನಿ. ನೀಲಿ ಕಿಟಕಿಯೋ ಕಪ್ಪು ಕಿಟಕಿಯೋ ಅಂತ ನೋಡಿ ಗುರುತಿಸಲು ಹೋಗಬೇಡಿ. ವಿಂಡೋಸ್ 11ರ ಟರ್ಮಿನಲ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಾಲಿನ ಮೊದಲಿಗೆ ಪಿ ಎಸ್ ಅಂತ ಇದ್ದರೆ ಪವರ್‌ಶೆಲ್.

ಕಿಟಕಿ, ಬಟನ್ ಇರುವ ಸಾಫ್ಟ್‌ವೇರ್ ಆದರೆ ಹುಡುಕುವುದು ಇನ್ನೂ ಸುಲಭ. ಸ್ಟಾರ್ಟ್ ಮೆನುವಿನಲ್ಲಿ ಅದರ ಹೆಸರು ಹುಡುಕಿ, ರೈಟ್ ಕ್ಲಿಕ್, "ಓಪನ್ ಫೈಲ್ ಲೊಕೇಶನ್". ಅಲ್ಲಿ ಸಿಗುವುದು ಬರೀ ಶಾರ್ಟ್‌ಕಟ್. ಅದರ ಮೇಲೆ ಮತ್ತೊಮ್ಮೆ ರೈಟ್ ಕ್ಲಿಕ್ ಮಾಡಿ ಅದೇ ಆಯ್ಕೆ ಒತ್ತಿದರೆ ನಿಜವಾದ ಜಾಗ. ಸಾಫ್ಟ್‌ವೇರ್ ಈಗ ಓಡುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅಲ್ಲೂ ಇದೇ ಆಯ್ಕೆ ಇದೆ. ಇದು ನನಗೆ ಹೆಚ್ಚು ನಂಬಿಕೆಯ ದಾರಿ, ಯಾಕೆಂದರೆ ಇಲ್ಲಿ ಕಾಣುವುದು ಈ ಕ್ಷಣ ಓಡುತ್ತಿರುವ ಪ್ರತಿಯೇ.

ಕೈಯಿಂದಲೇ ಹುಡುಕುವುದಾದರೆ ಮೂರು ಜಾಗ ನೋಡಿ. 64 ಬಿಟ್‌ನವು ಪ್ರೋಗ್ರಾಂ ಫೈಲ್ಸ್‌ನಲ್ಲಿ. 32 ಬಿಟ್‌ನವು ಅದೇ ಹೆಸರಿನ ಮುಂದೆ ಎಕ್ಸ್86 ಅಂತ ಇರುವ ಫೋಲ್ಡರಿನಲ್ಲಿ. ಮೂರನೆಯದು ಜನರಿಗೆ ಗೊತ್ತಿರುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಕೇಳದೆ ಒಬ್ಬರಿಗಾಗಿ ಮಾತ್ರ ಇನ್‌ಸ್ಟಾಲ್ ಆಗುವ ಸಾಫ್ಟ್‌ವೇರ್‌ಗಳು ನಿಮ್ಮ ಯೂಸರ್ ಫೋಲ್ಡರಿನೊಳಗೆ ಆಪ್‌ಡೇಟಾ, ಲೋಕಲ್, ಪ್ರೋಗ್ರಾಮ್ಸ್ ಅನ್ನುವಲ್ಲಿ ಕೂರುತ್ತವೆ. ಕೋಡ್ ಬರೆಯಲು ಬಳಸುವ ವಿಎಸ್ ಕೋಡ್‌ನ ಯೂಸರ್ ಇನ್‌ಸ್ಟಾಲರ್ ಹಾಗೆ ಮಾಡುತ್ತದೆ. ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್, ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ %ಲೋಕಲ್‌ಆಪ್‌ಡೇಟಾ% ಅಂತ ಸ್ಪೇಸ್ ಇಲ್ಲದೆ ಟೈಪ್ ಮಾಡಿ ಎಂಟರ್ ಒತ್ತಿದರೆ ನೇರ ಅಲ್ಲಿಗೆ ಹೋಗುತ್ತೀರಿ. ಅದೂ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ಲೇ. ಎರಡು % ನಡುವೆ ಹೆಸರಿಟ್ಟರೆ ಅದರ ಬೆಲೆ ಬಂದು ಕೂರುತ್ತದೆ.

ಆ ಪೆಟ್ಟಿಗೆಯ ಬಗ್ಗೆ ಒಂದು ತಮಾಷೆ. ಅದರಲ್ಲಿ ಕ್ರೋಮ್ ಅಂತ ಟೈಪ್ ಮಾಡಿದರೆ ಬ್ರೌಸರ್ ತೆರೆಯುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದೇ ಹೆಸರು ಟೈಪ್ ಮಾಡಿದರೆ "ನಾಟ್ ರೆಕಗ್ನೈಸ್ಡ್". ರನ್ ಪೆಟ್ಟಿಗೆ ಪಾತ್ ಜೊತೆಗೆ ರಿಜಿಸ್ಟ್ರಿಯಲ್ಲಿರುವ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಆಪ್ ಪಾತ್ಸ್ ಅನ್ನುವ ಇನ್ನೊಂದು ಪಟ್ಟಿಯನ್ನೂ ನೋಡುತ್ತದೆ, ಪ್ರಾಂಪ್ಟ್ ನೋಡುವುದಿಲ್ಲ. ಪ್ರಾಂಪ್ಟ್‌ನಲ್ಲಿ ಹೆಸರಿನ ಮುಂದೆ ಸ್ಟಾರ್ಟ್ ಸೇರಿಸಿದರೆ ಅಲ್ಲೂ ತೆರೆಯುತ್ತದೆ. ರನ್ ಪೆಟ್ಟಿಗೆಯಲ್ಲಿ ಬಂತು ಅಂದ ಮಾತ್ರಕ್ಕೆ ಪಾತ್ ಸರಿ ಇದೆ ಅಂತಲ್ಲ.

ಮೊದಲು ಫೋಲ್ಡರನ್ನು ಒಳ್ಳೆ ಜಾಗಕ್ಕೆ ತನ್ನಿ

ಡೌನ್‌ಲೋಡ್ಸ್‌ನಲ್ಲಿರುವ ವಿಳಾಸವನ್ನೇ ಪಾತ್‌ಗೆ ಹಾಕಿದರೂ ಇವತ್ತಿಗೆ ಕೆಲಸ ನಡೆಯುತ್ತದೆ. ಆದರೆ ಡೌನ್‌ಲೋಡ್ಸ್ ಅಂದರೆ ನಮ್ಮ ಮನೆಗಳ ಅಟ್ಟ ಇದ್ದ ಹಾಗೆ. ಯಾವತ್ತೋ ಒಂದು ದಿನ ಜಾಗ ಸಾಲದೆ ಎಲ್ಲ ಬಳಿದು ಹಾಕುತ್ತೇವೆ. ಆವತ್ತು ಜಾವಾವೂ ಹೋಗುತ್ತದೆ.

ಸಿ ಡ್ರೈವ್‌ನಲ್ಲಿ ನೇರವಾಗಿ ಜಾವಾ ಅಂತ ಒಂದು ಫೋಲ್ಡರ್ ಮಾಡಿ. ಬಿನ್ ಅನ್ನುವ ಫೋಲ್ಡರ್ ಯಾವುದರೊಳಗೆ ನೇರವಾಗಿ ಕಾಣುತ್ತದೋ ಆ ಒಳಗಿನ ಫೋಲ್ಡರನ್ನು ಅಲ್ಲಿಗೆ ತನ್ನಿ. ಹೆಸರು ಚಿಕ್ಕದು ಮಾಡಿ. ನಾವು ಹೀಗೆ ಮಾಡಿದೆವು:

ಸಿ:\ಜಾವಾ\ಜೆಡಿಕೆ21

ಹೆಸರಿನಲ್ಲಿ ಸ್ಪೇಸ್ ಬೇಡ. ವಿಂಡೋಸ್‌ಗೆ ಸ್ಪೇಸ್ ಇದ್ದರೆ ತೊಂದರೆ ಇಲ್ಲ, ಪ್ರೋಗ್ರಾಂ ಫೈಲ್ಸ್‌ನಲ್ಲೇ ಸ್ಪೇಸ್ ಇದೆಯಲ್ಲ. ಆದರೆ ಯಾರೋ ಅವಸರದಲ್ಲಿ ಬರೆದ ಸ್ಕ್ರಿಪ್ಟುಗಳು ಅದಕ್ಕೆ ಎಡವುತ್ತವೆ. ಕನ್ನಡ ಅಕ್ಷರದ ಫೋಲ್ಡರ್ ಹೆಸರಿಗೂ ಇದೇ ಮಾತು. ಕಂಪ್ಯೂಟರ್ ಖಾತೆಗೆ ಪ್ರೀತಿಯಿಂದ ಕನ್ನಡದಲ್ಲಿ ಹೆಸರಿಟ್ಟವರ ಯೂಸರ್ ಫೋಲ್ಡರೂ ಕನ್ನಡದಲ್ಲೇ ಇರಬಹುದು. ಹಳೆಯ ಕೆಲವು ಟೂಲ್‌ಗಳು ಆ ವಿಳಾಸ ಓದಲಾರದೆ ಕೈಚೆಲ್ಲುತ್ತವೆ. ಬೇಸರದ ಸಂಗತಿಯೇ. ಅಂಥವರು ಟೂಲ್‌ಗಳನ್ನು ಹೀಗೆ ಸಿ ಡ್ರೈವ್‌ನ ಬುಡದಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಇನ್‌ಸ್ಟಾಲರ್ ಮೂಲಕ ಬಂದದ್ದನ್ನು ಮಾತ್ರ ಹೀಗೆ ಎತ್ತಿ ಬೇರೆ ಕಡೆ ಇಡಬೇಡಿ. ಅಳಿಸುವಾಗ, ಅಪ್‌ಡೇಟ್ ಮಾಡುವಾಗ ಅದರ ಲೆಕ್ಕ ತಪ್ಪುತ್ತದೆ.

ಜಾವಾ_ಹೋಮ್ ಹಾಕುವುದು

ಜಾವಾ ಯಾವ ಫೋಲ್ಡರಿನಲ್ಲಿದೆ ಅಂತ ಬೇರೆ ಟೂಲ್‌ಗಳಿಗೆ ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇದು. ಸ್ಟಾರ್ಟ್ ಮೆನುವಿನಲ್ಲಿ ಎನ್ವಿರಾನ್‌ಮೆಂಟ್ ಅಂತ ಹುಡುಕಿದರೆ ಎರಡು ಆಯ್ಕೆ ಬರುತ್ತವೆ. "ಎಡಿಟ್ ದಿ ಸಿಸ್ಟಂ ಎನ್ವಿರಾನ್‌ಮೆಂಟ್ ವೇರಿಯಬಲ್ಸ್" ಒಂದು. ಇದಕ್ಕೆ ಅಡ್ಮಿನ್ ಹಕ್ಕು ಬೇಕು. "ಎಡಿಟ್ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಫಾರ್ ಯುವರ್ ಅಕೌಂಟ್" ಇನ್ನೊಂದು. ಕಾಲೇಜು ಲ್ಯಾಬ್, ಆಫೀಸು ಕಂಪ್ಯೂಟರಿನಲ್ಲಿ ಇದೇ ಗತಿ. ಮೊದಲನೆಯದನ್ನು ಒತ್ತಿದರೆ ಸಿಸ್ಟಂ ಪ್ರಾಪರ್ಟೀಸ್ ಬರುತ್ತದೆ. ಅದರ ಕೆಳಗಡೆ "ಎನ್ವಿರಾನ್‌ಮೆಂಟ್ ವೇರಿಯಬಲ್ಸ್" ಬಟನ್ ಒತ್ತಿ.

ಈಗ ಎರಡು ಪೆಟ್ಟಿಗೆ ಕಾಣುತ್ತವೆ. ಮೇಲಿನದು ನಿಮ್ಮೊಬ್ಬರ ಖಾತೆಗೆ, ಕೆಳಗಿನದು ಇಡೀ ಕಂಪ್ಯೂಟರಿಗೆ. ಒಂದು ಬಲೆ ಇಲ್ಲಿದೆ: ನಿಮ್ಮ ಖಾತೆಗೆ ಅಡ್ಮಿನ್ ಹಕ್ಕಿಲ್ಲದೆ, ಬೇರೆಯವರ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಈ ಕಿಟಕಿ ತೆರೆದರೆ ಮೇಲಿನ ಪೆಟ್ಟಿಗೆ ಆ ಅಡ್ಮಿನ್‌ದು, ನಿಮ್ಮದಲ್ಲ. ಪೆಟ್ಟಿಗೆಯ ತಲೆಯ ಮೇಲೆ ಖಾತೆಯ ಹೆಸರು ಬರೆದಿರುತ್ತದೆ, ಓದಿ.

ನಾವು ಕೆಳಗಿನ ಪೆಟ್ಟಿಗೆಯಲ್ಲಿ "ನ್ಯೂ" ಒತ್ತಿದೆವು. ಹೆಸರಿನ ಜಾಗದಲ್ಲಿ ಜಾವಾ_ಹೋಮ್, ನಡುವೆ ಅಂಡರ್‌ಸ್ಕೋರ್. ಬೆಲೆಯ ಜಾಗದಲ್ಲಿ ಕೈಯಿಂದ ಟೈಪ್ ಮಾಡಬೇಡಿ. "ಬ್ರೌಸ್ ಡೈರೆಕ್ಟರಿ" ಬಟನ್ ಇದೆ, ಅದನ್ನು ಒತ್ತಿ ಫೋಲ್ಡರ್ ಆರಿಸಿ. ಅಕ್ಷರ ತಪ್ಪಾಗುವ ಭಯವಿಲ್ಲ.

ಆರಿಸಬೇಕಾದದ್ದು ಜೆಡಿಕೆ21 ಫೋಲ್ಡರ್. ಅದರೊಳಗಿನ ಬಿನ್ ಅಲ್ಲ. ಈ ತಪ್ಪು ಎಲ್ಲರೂ ಒಮ್ಮೆ ಮಾಡಿರುತ್ತಾರೆ. ಜಾವಾ_ಹೋಮ್ ಅಂದರೆ ಮನೆ. ಜಾವಾ ಪ್ರಾಜೆಕ್ಟ್ ಕಟ್ಟಿಕೊಡುವ ಮಾವೆನ್‌ನಂಥ ಟೂಲ್‌ಗಳು ಆ ಮನೆಗೆ ತಾವೇ ಬಿನ್ ಅಂತ ಸೇರಿಸಿಕೊಂಡು ಒಳಗೆ ಹೋಗುತ್ತವೆ. ನೀವೂ ಬಿನ್ ಸೇರಿಸಿದ್ದರೆ ಅವು ಬಿನ್ ಒಳಗಿನ ಬಿನ್ ಹುಡುಕಿ, ಜಾವಾ_ಹೋಮ್ ಸರಿಯಿಲ್ಲ ಅಂತ ದೂರುತ್ತವೆ. ಬೆಲೆಗೆ ಉದ್ಧರಣ ಚಿಹ್ನೆ ಹಾಕಬೇಡಿ, ಕೊನೆಗೆ ; ಕೂಡ ಬೇಡ. ಇದು ಒಂದೇ ವಿಳಾಸ, ಪಟ್ಟಿಯಲ್ಲ.

ಪಾತ್‌ಗೆ ಸೇರಿಸುವುದು: ಯಾವ ಪಾತ್, ಎಷ್ಟನೇ ಸಾಲು

ಇಲ್ಲಿ ನಿಧಾನ ಮಾಡೋಣ. ಅರ್ಧಕ್ಕರ್ಧ ಜನ ಎಡವುವುದು ಇಲ್ಲೇ.

ಎರಡೂ ಪೆಟ್ಟಿಗೆಯಲ್ಲಿ ಪಾತ್ ಅನ್ನುವ ಹೆಸರಿದೆ. ಬೇರೆ ವೇರಿಯಬಲ್ ಆಗಿದ್ದರೆ ಮೇಲಿನ, ಅಂದರೆ ನಿಮ್ಮ ಖಾತೆಯ ಬೆಲೆಯೇ ಗೆಲ್ಲುತ್ತದೆ. ಪಾತ್ ಮಾತ್ರ ಬೇರೆ ಥರ. ವಿಂಡೋಸ್ ಎರಡನ್ನೂ ಜೋಡಿಸುತ್ತದೆ: ಮೊದಲು ಸಿಸ್ಟಂ ಪಾತ್, ಅದರ ಹಿಂದೆ ಯೂಸರ್ ಪಾತ್. ಹಾಗಾಗಿ ಸಿಸ್ಟಂ ಪಟ್ಟಿಯಲ್ಲಿ ಹಳೇ ಜಾವಾ ಇದ್ದರೆ, ಯೂಸರ್ ಪಟ್ಟಿಯಲ್ಲಿ ಹೊಸದನ್ನು ಎಷ್ಟೇ ಮೇಲೆ ಇಟ್ಟರೂ ಹಳೆಯದೇ ಮೊದಲು ಸಿಗುತ್ತದೆ.

ನಾನು ಫೋನಿನಲ್ಲಿ ಇದನ್ನೆಲ್ಲ ಹೇಳುವಷ್ಟರಲ್ಲಿ ಅವಳು ಯೂಸರ್ ಪಾತ್‌ಗೆ ಸೇರಿಸಿಯಾಗಿತ್ತು. "ಜಾವಾಸಿ ಬಂತು ಮಾಮಾ!" ಅಂತ ಕುಣಿದಳು. ಕಂಪೈಲ್ ಆಯಿತು. ಓಡಿಸಿದರೆ ಉದ್ದಕ್ಕೆ ಕೆಂಡಕಾರಿತು: ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್. ಅದರ ನಡುವೆ 65.0 ಮತ್ತು 52.0 ಅನ್ನುವ ಎರಡು ಸಂಖ್ಯೆ. 65 ಅಂದರೆ ಜಾವಾ 21ರ ಕ್ಲಾಸ್ ಫೈಲಿನ (ಕಂಪೈಲ್ ಆಗಿ ಬರುವ ಫೈಲು) ಗುರುತು, 52 ಅಂದರೆ ಜಾವಾ 8ರದು. ಕಂಪೈಲ್ ಮಾಡಿದ್ದು ಹೊಸ ಜಾವಾ, ಓಡಿಸಲು ಹೊರಟದ್ದು ಭಾವನ ಹಳೇ ಜಾವಾ. ಜಾವಾಸಿ ಹೊಸ ಕಡೆ ಮಾತ್ರ ಇತ್ತು, ಹಾಗಾಗಿ ಅದು ಸಿಕ್ಕಿತು. ಜಾವಾ ಎರಡೂ ಕಡೆ ಇತ್ತು, ಸಿಸ್ಟಂ ಪಾತ್‌ನದು ಗೆದ್ದಿತು. ಈ ಎರಡು ಸಂಖ್ಯೆ ಎಲ್ಲಾದರೂ ಕಂಡರೆ ಕೋಡ್ ತಿದ್ದುತ್ತಾ ಕೂರಬೇಡಿ. ಅದು ಪಾತ್‌ನ ಜಗಳ.

ಸರಿ ಮಾಡುವ ಕ್ರಮ ಹೀಗೆ:

1. ಕೆಳಗಿನ ಪೆಟ್ಟಿಗೆಯಲ್ಲಿ ಪಾತ್ ಆರಿಸಿ "ಎಡಿಟ್" ಒತ್ತಿ. ಸಾಲು ಸಾಲಾಗಿ ಪಟ್ಟಿ ಬರುತ್ತದೆ. ವಿಂಡೋಸ್ 7ರ ಕಾಲದಲ್ಲಿ ಇದೆಲ್ಲ ಒಂದೇ ಗೇಣುದ್ದದ ಪೆಟ್ಟಿಗೆಯಲ್ಲಿ ಉದ್ದ ದಾರದ ಹಾಗೆ ಇರುತ್ತಿತ್ತು. ಈಗಿನವರು ಪುಣ್ಯವಂತರು.

2. ಏನೂ ಮುಟ್ಟುವ ಮೊದಲು "ಎಡಿಟ್ ಟೆಕ್ಸ್ಟ್" ಬಟನ್ ಒತ್ತಿ, ಬಂದ ಇಡೀ ಬರಹವನ್ನು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಉಳಿಸಿ. ಯೂಸರ್ ಪಾತ್‌ದೂ ಬೇರೆಯಾಗಿ ಉಳಿಸಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಕ್ಯಾನ್ಸಲ್ ಮಾಡಿ ಮತ್ತೆ ಎಡಿಟ್ ಒತ್ತಿ ಪಟ್ಟಿಗೆ ಬನ್ನಿ.

3. "ನ್ಯೂ" ಒತ್ತಿ %ಜಾವಾ_ಹೋಮ್%\ಬಿನ್ ಅಂತ ಬರೆಯಿರಿ. ಇಲ್ಲಿ ಬಿನ್ ಬೇಕು, ಯಾಕೆಂದರೆ ಪ್ರೋಗ್ರಾಮುಗಳು ಕೂತಿರುವುದು ಅದರೊಳಗೆ.

4. ಆ ಸಾಲು ಆರಿಸಿ, ಜಾವಾಪಾತ್ ಅನ್ನುವ ಸಾಲಿಗಿಂತ ಮೇಲೆ ಬರುವವರೆಗೆ "ಮೂವ್ ಅಪ್" ಒತ್ತಿ.

5. ಓಕೆ, ಓಕೆ, ಓಕೆ. ಮೂರು ಕಿಟಕಿಗೂ. ಮೊದಲ ಎರಡರಲ್ಲಿ ಒಂದನ್ನು ಮೂಲೆಯ ಗುಣಿಸು ಗುರುತಿನಿಂದ ಮುಚ್ಚಿದರೆ ಮಾಡಿದ್ದು ನೀರಿನಲ್ಲಿ ಹೋಮ.

ನೇರ ವಿಳಾಸದ ಬದಲು %ಜಾವಾ_ಹೋಮ್% ಬಳಸಿದ್ದಕ್ಕೆ ಕಾರಣ ಇದೆ. ನಾಳೆ ಜಾವಾ 25 ಹಾಕಿದರೆ ಜಾವಾ_ಹೋಮ್ ಒಂದನ್ನು ಬದಲಿಸಿದರೆ ಸಾಕು, ಪಾತ್ ತಾನೇ ಹಿಂದೆ ಬರುತ್ತದೆ. ಆದರೆ ಸಿಸ್ಟಂ ಪಾತ್‌ನಲ್ಲಿ ಅದನ್ನು ಬಳಸುವುದಾದರೆ ಜಾವಾ_ಹೋಮ್ ಕೂಡ ಸಿಸ್ಟಂ ಪೆಟ್ಟಿಗೆಯಲ್ಲೇ ಇರಬೇಕು. ಯೂಸರ್ ಪೆಟ್ಟಿಗೆಯಲ್ಲಿದ್ದರೆ ಸಿಸ್ಟಂ ಪಾತ್ ಜೋಡಿಸುವ ಹೊತ್ತಿಗೆ ಅದು ಇನ್ನೂ ಹುಟ್ಟಿರುವುದಿಲ್ಲ.

ಭಾವನ ಜಾವಾ 8 ಅಳಿಸಿಬಿಡಬಹುದಿತ್ತಲ್ಲ ಅಂತ ಕೇಳಬಹುದು. ಬೇಡ ಅಂದೆ. ಸಹಿಯ ಸಾಫ್ಟ್‌ವೇರಿಗೆ ಅದೇ ಬೇಕಿದ್ದರೆ ಮಾರ್ಚ್ ತಿಂಗಳಲ್ಲಿ ನನಗೇ ಫೋನು ಬರುತ್ತದೆ. ಮೇಲೆ ಕೆಳಗೆ ಮಾಡಿದ್ದನ್ನು ವಾಪಸ್ ಮಾಡುವುದು ಒಂದು ನಿಮಿಷದ ಕೆಲಸ, ಅಳಿಸಿದ್ದನ್ನು ಮತ್ತೆ ತರುವುದು ಹಾಗಲ್ಲ.

ಸರಿಯಾಯಿತಾ ಅಂತ ನೋಡುವುದು

ತೆರೆದಿರುವ ಕಮಾಂಡ್ ಪ್ರಾಂಪ್ಟ್ ಮುಚ್ಚಿ ಹೊಸದು ತೆರೆಯಿರಿ. ಹಳೆಯದರ ಕೈಯಲ್ಲಿರುವುದು ಹಳೇ ನಕಲು. ವಿಎಸ್ ಕೋಡ್ ಒಳಗಿನ ಟರ್ಮಿನಲ್ ಬಳಸುವವರು ಆ ಟರ್ಮಿನಲ್ ಮಾತ್ರ ಮುಚ್ಚಿ ತೆರೆದರೆ ಸಾಲದೆ ಹೋಗಬಹುದು. ಅದು ನಕಲು ಪಡೆಯುವುದು ತನ್ನ ತಾಯಿ ಪ್ರೋಗ್ರಾಮಿನಿಂದ. ವಿಎಸ್ ಕೋಡನ್ನೇ ಪೂರ್ತಿ ಮುಚ್ಚಿ ತೆರೆಯಿರಿ. ಕಂಪ್ಯೂಟರ್ ರೀಸ್ಟಾರ್ಟ್ ಸಾಮಾನ್ಯವಾಗಿ ಬೇಕಿಲ್ಲ.

ಎಕೋ %ಜಾವಾ_ಹೋಮ್%

ವಿಳಾಸ ಬಂದರೆ ಸರಿ. ನೀವು ಬರೆದ %ಜಾವಾ_ಹೋಮ್% ಅನ್ನುವುದೇ ಹಾಗೇ ಮರಳಿ ಬಂದರೆ ಆ ಹೆಸರಿನದ್ದೇನೂ ಇಲ್ಲ ಅಂತ. ಪವರ್‌ಶೆಲ್‌ನಲ್ಲಿ ಹೀಗೆ ನೋಡಬೇಡಿ. ಅಲ್ಲಿ % ನಡೆಯುವುದಿಲ್ಲ, $ಎನ್ವ್:ಜಾವಾ_ಹೋಮ್ ಅಂತ ಬರೆಯಬೇಕು. ಎನ್ವ್ ಅಂದರೆ ಇ ಎನ್ ವಿ.

ಆಮೇಲೆ ವೇರ್ ಜಾವಾ. ಈಗ ಎರಡು ಸಾಲು ಬರುತ್ತವೆ, ಮೇಲಿನದು ಜೆಡಿಕೆ21. ಜಾವಾ -ವರ್ಷನ್, ಜಾವಾಸಿ -ವರ್ಷನ್ ಎರಡೂ ಹೊಡೆಯಿರಿ. ಎರಡರ ಸಂಖ್ಯೆಯೂ ಒಂದೇ ಇರಬೇಕು. ಅವಳಿಗೆ ಎರಡರಲ್ಲೂ 21 ಬಂದಾಗ ಹನ್ನೊಂದೂವರೆ.

ಇದೇ ದಾರಿ ಬೇರೆ ಸಾಫ್ಟ್‌ವೇರಿಗೂ ಆಗುತ್ತದೆ. ಆಂಡ್ರಾಯ್ಡ್ ಸ್ಟುಡಿಯೋ ಹಾಕಿದವರಿಗೆ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಟೂಲ್) ಸಿಗದಿದ್ದರೆ, %ಲೋಕಲ್‌ಆಪ್‌ಡೇಟಾ% ಒಳಗೆ ಆಂಡ್ರಾಯ್ಡ್, ಅದರೊಳಗೆ ಎಸ್‌ಡಿಕೆ, ಅದರೊಳಗೆ ಪ್ಲಾಟ್‌ಫಾರ್ಮ್-ಟೂಲ್ಸ್ ನೋಡಿ. ಮನೆ ಅಂದರೆ ಎಸ್‌ಡಿಕೆ, ಅದಕ್ಕೆ ಆಂಡ್ರಾಯ್ಡ್_ಹೋಮ್. ಪಾತ್‌ಗೆ ಹೋಗುವುದು ಪ್ಲಾಟ್‌ಫಾರ್ಮ್-ಟೂಲ್ಸ್.

ಸೆಟ್‌ಎಕ್ಸ್: ನಾನು ಸುಟ್ಟುಕೊಂಡದ್ದು

ಇಷ್ಟೆಲ್ಲ ಕ್ಲಿಕ್ ಯಾಕೆ, ಒಂದೇ ಸಾಲಿನಲ್ಲಿ ಆಗುತ್ತದಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೆಟ್ ಪದಕ್ಕೆ ಎಕ್ಸ್ ಅಕ್ಷರ ಸೇರಿಸಿದ ಸೆಟ್‌ಎಕ್ಸ್ ಅನ್ನುವ ಕಮಾಂಡ್ ಇದೆ. ಜಾವಾ_ಹೋಮ್‌ನಂಥ ಚಿಕ್ಕ ಬೆಲೆಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪಾತ್‌ಗೆ ಮಾತ್ರ ಬಳಸಬೇಡಿ.

ಹಿಂದೊಮ್ಮೆ ಕೆಲಸದ ಕಂಪ್ಯೂಟರಿನಲ್ಲಿ ನಾನು ಬಳಸಿದೆ. ಹಳೇ ಪಾತ್‌ನ ಬಾಲಕ್ಕೆ ಹೊಸ ವಿಳಾಸ ಅಂಟಿಸಿ ಸೆಟ್‌ಎಕ್ಸ್‌ಗೆ ಕೊಟ್ಟೆ. ಒಂದು ಎಚ್ಚರಿಕೆಯ ಸಾಲು ಬಂತು, ಅದರ ಕೆಳಗೆ ಸಕ್ಸೆಸ್ ಅಂತಲೂ ಬಂತು. ನಾನು ಓದಿದ್ದು ಎರಡನೆಯದನ್ನು ಮಾತ್ರ. ಸೆಟ್‌ಎಕ್ಸ್ 1024 ಅಕ್ಷರಕ್ಕಿಂತ ಉದ್ದದ ಬೆಲೆಯನ್ನು ಕತ್ತರಿಸಿ ಬಿಸಾಡುತ್ತದೆ. ಅದಕ್ಕಿಂತ ಕೆಟ್ಟದ್ದು, %ಪಾತ್% ಅಂದರೆ ಸಿಸ್ಟಂ ಮತ್ತು ಯೂಸರ್ ಎರಡೂ ಜೋಡಿಸಿದ ಪಟ್ಟಿ. ಅದಷ್ಟೂ ನನ್ನ ಯೂಸರ್ ಪಾತ್‌ಗೆ ಹೋಗಿ ಕೂತಿತು. ಸಿಸ್ಟಂ ಸಾಲುಗಳು ಎರಡೆರಡು ಸಲ ಬಂದವು, ಬಾಲದಲ್ಲಿದ್ದ ನನ್ನ ಸ್ವಂತ ಸಾಲುಗಳು ಕತ್ತರಿಸಿ ಹೋದವು. ಸೇರಿಸಲು ಹೊರಟ ಹೊಸ ವಿಳಾಸವೂ ಅವುಗಳ ಜೊತೆಗೇ ಹೋಯಿತು.

ನನ್ನನ್ನು ಉಳಿಸಿದ್ದು ಆ ನಕಲಿನ ಸಂಗತಿ. ಬೆಳಿಗ್ಗೆಯಿಂದ ತೆರೆದೇ ಇದ್ದ ಇನ್ನೊಂದು ಕಮಾಂಡ್ ಪ್ರಾಂಪ್ಟ್ ಇತ್ತು. ಅದರ ಬಳಿ ಹಳೇ ಪಾತ್ ಇನ್ನೂ ಇತ್ತು. ಬರೀ ಪಾತ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ, ಇಡೀ ಪಟ್ಟಿ ಬಂತು, ಕಾಪಿ ಮಾಡಿಕೊಂಡೆ. ನಿಮಗೂ ಪಾತ್ ಕೆಟ್ಟರೆ ಮೊದಲು ಮಾಡಬೇಕಾದ್ದು ಏನನ್ನೂ ಮುಚ್ಚದಿರುವುದು.

ಒಂದೇ ಕಿಟಕಿಗೆ ಸಾಕು ಅಂದರೆ

ಹಂಚಿಕೊಂಡು ಬಳಸುವ ಕಂಪ್ಯೂಟರ್, ಅಡ್ಮಿನ್ ಹಕ್ಕಿಲ್ಲ, ಅಥವಾ ಭಾವನ ಸಾಫ್ಟ್‌ವೇರ್ ನಿಜವಾಗಿಯೂ ಮುನಿಸಿಕೊಂಡಿತು ಅನ್ನಿ. ಆಗ ಸಿಸ್ಟಂ ಪಾತ್ ಮುಟ್ಟುವುದೇ ಬೇಡ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಎರಡು ಸಾಲು:

ಸೆಟ್ "ಜಾವಾ_ಹೋಮ್=ಸಿ:\ಜಾವಾ\ಜೆಡಿಕೆ21"
ಸೆಟ್ "ಪಾತ್=%ಜಾವಾ_ಹೋಮ್%\ಬಿನ್;%ಪಾತ್%"

ಇದು ಆ ಕಿಟಕಿಗೆ ಮಾತ್ರ. ಮುಚ್ಚಿದರೆ ಮುಗಿಯಿತು, ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಸಾಲನ್ನು ಒಂದು ಬ್ಯಾಚ್ ಫೈಲಿನಲ್ಲಿ ಬರೆದಿಟ್ಟರೆ ಬೇಕಾದಾಗ ಪ್ರಾಂಪ್ಟ್‌ನಿಂದ ಅದನ್ನು ಓಡಿಸಬಹುದು. ನನ್ನ ಕೇಳಿದರೆ ಲ್ಯಾಬ್‌ಗಳಿಗೆ ಇದೇ ಒಳ್ಳೆಯದು. ಸಮ ಚಿಹ್ನೆಯ ಎರಡೂ ಕಡೆ ಸ್ಪೇಸ್ ಬಿಡಬೇಡಿ. ಬಿಟ್ಟರೆ ಹೆಸರಿನ ಬಾಲಕ್ಕೂ ಸ್ಪೇಸ್ ಸೇರಿ ಬೇರೆಯೇ ವೇರಿಯಬಲ್ ಹುಟ್ಟುತ್ತದೆ. ಕಣ್ಣಿಗೆ ಕಾಣದ ತಪ್ಪು, ಗಂಟೆಗಟ್ಟಲೆ ತಿನ್ನುತ್ತದೆ.

ಬರೀ ಸೆಟ್ ಅಂತ ಹೊಡೆದರೆ ಎಲ್ಲ ವೇರಿಯಬಲ್‌ಗಳೂ ಕಾಣುತ್ತವೆ. ಸಹಾಯ ಕೇಳಲು ಅದರ ಸ್ಕ್ರೀನ್‌ಶಾಟನ್ನು ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಒಮ್ಮೆ ನೋಡಿ. ಎಪಿಐ ಕೀ, ಪಾಸ್‌ವರ್ಡ್‌ಗಳನ್ನೂ ಜನ ಅಲ್ಲೇ ಇಟ್ಟಿರುತ್ತಾರೆ.

ಪೈಥಾನ್ ಟೈಪ್ ಮಾಡಿದರೆ ಅಂಗಡಿ ತೆರೆಯುತ್ತದಾ?

ಪೈಥಾನ್ ಅಂತ ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ ಅಂತ ಕೇಳುವವರು ತುಂಬಾ ಜನ. ವೇರ್ ಪೈಥಾನ್ ಹೊಡೆಯಿರಿ. ಮೇಲಿನ ಸಾಲಿನಲ್ಲಿ ವಿಂಡೋಸ್‌ಆಪ್ಸ್ ಅನ್ನುವ ಫೋಲ್ಡರ್ ಕಂಡರೆ ಅದು ನಿಜವಾದ ಪೈಥಾನ್ ಅಲ್ಲದಿರಬಹುದು, ಸ್ಟೋರ್‌ಗೆ ಕರೆದೊಯ್ಯುವ ಕೈಮರ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಅಡ್ವಾನ್ಸ್ಡ್ ಆಪ್ ಸೆಟ್ಟಿಂಗ್ಸ್, ಆಪ್ ಎಕ್ಸಿಕ್ಯೂಶನ್ ಅಲಿಯಾಸಸ್‌ಗೆ ಹೋಗಿ ಪೈಥಾನ್ ಹೆಸರಿನ ಸ್ವಿಚ್‌ಗಳನ್ನು ಆಫ್ ಮಾಡಿ. ಪೈಥಾನ್ ಲಾಂಚರ್ ಇದ್ದರೆ ಇನ್ನೂ ಸಲೀಸು. ಪಿ ವೈ ಅಂತ ಎರಡಕ್ಷರ, ಸ್ಪೇಸ್, ಹೈಫನ್, ಸೊನ್ನೆ ಅಂಕೆ, ಪಿ. ಎಷ್ಟು ಪೈಥಾನ್ ಇವೆ, ಯಾವುದು ಎಲ್ಲಿದೆ ಅಂತ ಪಟ್ಟಿಯನ್ನೇ ಕೊಡುತ್ತದೆ.

ಲಿನಕ್ಸ್, ಮ್ಯಾಕ್

ಲಿನಕ್ಸ್‌ನಲ್ಲಿ ವೇರ್ ಬದಲು ಟೈಪ್ -ಎ ಜಾವಾ. ಇದೂ ಎಲ್ಲ ಪ್ರತಿಗಳನ್ನೂ ತೋರಿಸುತ್ತದೆ. ವಿಚ್ ಜಾವಾ ಅಂದರೆ ಮೊದಲನೆಯದು ಮಾತ್ರ. ಅಲ್ಲಿ ಸಿಗುವುದು ಹೆಚ್ಚಾಗಿ /ಯುಎಸ್ಆರ್/ಬಿನ್ ಒಳಗಿನ ಒಂದು ಕೊಂಡಿ. ನಿಜವಾದ ಮನೆ ನೋಡಲು ರೀಡ್‌ಲಿಂಕ್ -ಎಫ್ ಅಂತ ಬರೆದು ಮುಂದೆ ಆ ವಿಳಾಸ ಕೊಡಿ. ಉಬುಂಟುವಿನಲ್ಲಿ ಅದು /ಯುಎಸ್ಆರ್/ಲಿಬ್/ಜೆವಿಎಂ ಕಡೆ ತೋರಿಸುತ್ತದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ .ಬ್ಯಾಶ್‌ಆರ್‌ಸಿ ಅನ್ನುವ ಫೈಲಿನ ಕೊನೆಗೆ ಹೀಗೆ ಬರೆಯಿರಿ:

ಎಕ್ಸ್‌ಪೋರ್ಟ್ ಜಾವಾ_ಹೋಮ್=ಮನೆಯ ವಿಳಾಸ
ಎಕ್ಸ್‌ಪೋರ್ಟ್ ಪಾತ್="$ಜಾವಾ_ಹೋಮ್/ಬಿನ್:$ಪಾತ್"

ಇಲ್ಲಿ ನಡುವೆ ; ಅಲ್ಲ, : ಚಿಹ್ನೆ. ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ, ಹಾಗಾಗಿ ವೇರಿಯಬಲ್ ಹೆಸರು ಎರಡನ್ನೂ ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಿರಿ. ಕೊನೆಯ $ಪಾತ್ ಮರೆತರೆ ಆ ಕಿಟಕಿಯಲ್ಲಿ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕೂಡ ಓಡುವುದಿಲ್ಲ. ಗಾಬರಿ ಬೇಡ, ಫೈಲ್ ತಿದ್ದಿ ಹೊಸ ಟರ್ಮಿನಲ್ ತೆರೆದರೆ ಸರಿಹೋಗುತ್ತದೆ.

ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಹೊಸ ಖಾತೆಗಳಿಗೆ, ಟರ್ಮಿನಲ್‌ನಲ್ಲಿ ಕಮಾಂಡು ಓದುವ ಪ್ರೋಗ್ರಾಮಾಗಿ ಜೆಡ್‌ಶೆಲ್ ಬಂದಿದೆ. ಹಾಗಾಗಿ ಅದೇ ಎರಡು ಸಾಲು .ಜೆಡ್‌ಎಸ್‌ಎಚ್‌ಆರ್‌ಸಿ ಫೈಲಿಗೆ ಹೋಗುತ್ತವೆ. ಜಾವಾ ಮನೆ ಹುಡುಕಲು ಅಲ್ಲಿ ಸಿದ್ಧ ಕಮಾಂಡೇ ಇದೆ: /ಯುಎಸ್ಆರ್/ಲಿಬ್‌ಎಕ್ಸೆಕ್/ಜಾವಾ_ಹೋಮ್, ಇದು ಪೂರ್ತಿ ಚಿಕ್ಕಕ್ಷರದಲ್ಲಿ. ಮುಂದೆ ಸ್ಪೇಸ್ ಬಿಟ್ಟು -ವಿ, ಇದು ದೊಡ್ಡ ವಿ, ಸೇರಿಸಿದರೆ ಇರುವ ಎಲ್ಲ ಜಾವಾಗಳ ಪಟ್ಟಿ ಬರುತ್ತದೆ. ಸಾಫ್ಟ್‌ವೇರ್ ಹಾಕಿಕೊಡುವ ಹೋಮ್‌ಬ್ರೂ ಅನ್ನುವ ಟೂಲ್ ಮೂಲಕ ಹಾಕಿದ ಸಾಮಾನು ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ /ಆಪ್ಟ್/ಹೋಮ್‌ಬ್ರೂ ಒಳಗಿರುತ್ತದೆ, ಇಂಟೆಲ್ ಮ್ಯಾಕ್‌ಗಳಲ್ಲಿ /ಯುಎಸ್ಆರ್/ಲೋಕಲ್ ಒಳಗೆ. ಹಳೇ ಮ್ಯಾಕ್‌ನಿಂದ ಹೊಸದಕ್ಕೆ ಸೆಟ್ಟಿಂಗ್ ಫೈಲುಗಳನ್ನು ಹಾಗೇ ತಂದುಕೊಂಡವರ ಪಾತ್ ಕೆಡುವುದು ಇದೇ ಕಾರಣಕ್ಕೆ.

ಅಂದಹಾಗೆ ಮಾರನೇ ದಿನ ಮಧ್ಯಾಹ್ನ ಅವಳ ಮೆಸೇಜು ಬಂತು. ಪ್ರೋಗ್ರಾಂ ಓಡಿತಂತೆ. ಕೆಳಗೆ ಇನ್ನೊಂದು ಸಾಲು: "ಮಾಮಾ, ನನ್ನ ಫ್ರೆಂಡ್ ಲ್ಯಾಪ್‌ಟಾಪಲ್ಲಿ ಗಿಟ್ ಸಿಗ್ತಿಲ್ಲ." ವೇರ್ ಗಿಟ್ ಹೊಡೆದು ಏನು ಬಂತು ಅಂತ ಕಳಿಸು ಅಂದೆ.